ಅಲ್ಲಾಹನು ನಮ್ಮೊಂದಿಗಿದ್ದಾನೆ: ಒಂದು ಹಳೆಯ ವಿಚಾರಣೆ

ಮಗು ಸುಳ್ಳು ಹೇಳಿದಾಗ ನಾವು “ಅಲ್ಲಾಹನು ಎಲ್ಲ ಕಡೆಯೂ ಇದ್ದಾನೆ, ನೋಡುತ್ತಿದ್ದಾನೆ” ಎನ್ನುತ್ತೇವೆ. ದುಆ ಮಾಡುವಾಗ ನಮ್ಮ ಕೈಗಳು ಮಾತ್ರ ಆಕಾಶದತ್ತ ಏಳುತ್ತವೆ. ಇವೆರಡನ್ನೂ ಹೊಂದಿಸಿ ಅರ್ಥಮಾಡಿಕೊಳ್ಳುವ ಪ್ರಯತ್ನದಲ್ಲಿ ವಿದ್ವಾಂಸರು ಸೆರೆಮನೆಯನ್ನೂ ಕಂಡಿದ್ದಾರೆ.

ಹಿಜರಿ 2ನೇ ಶತಮಾನದಲ್ಲಿ ಖುರಾಸಾನಿನ ಜಹಮ್ ಬಿನ್ ಸಫ್ವಾನ್, ಅಲ್ಲಾಹನು ಪ್ರತಿಯೊಂದು ಸ್ಥಳದಲ್ಲೂ ಇದ್ದಾನೆಂದು ವಾದಿಸಿದನೆನ್ನುತ್ತಾರೆ. ಇಮಾಮ್ ಅಹ್ಮದ್ ಬಿನ್ ಹಂಬಲ್ (ರ) ಇದನ್ನು ಒಪ್ಪಲಿಲ್ಲ. ಅವನ ಜ್ಞಾನಕ್ಕೆ ಹೊರತಾದ ಸ್ಥಳವಿಲ್ಲ, ಆದರೆ ಅವನು ಸೃಷ್ಟಿಯೊಳಗೆ ಬೆರೆತವನಲ್ಲ ಎಂಬುದು ಅವರ ನಿಲುವು.

ಹಿಜರಿ 705ರಲ್ಲಿ, ಅಂದರೆ ಕ್ರಿ.ಶ. 1306ರಲ್ಲಿ, ಇದೇ ಚರ್ಚೆ ದಮಾಸ್ಕಸ್‌ನ ಗವರ್ನರರ ಮುಂದೆ ಬಂತು. ವಿಚಾರಣೆಗೆ ನಿಂತವರು ಇಮಾಮ್ ಇಬ್ನ್ ತೈಮಿಯ್ಯಾ (ರ). ಬಾಯಿಮಾತಿನಲ್ಲಿ ಉತ್ತರಿಸುವ ಬದಲು ಅವರು ಮನೆಯಿಂದ ಒಂದು ಪುಸ್ತಿಕೆ ತರಿಸಿದರು. ಮಂಗೋಲರು ಶಾಮ್‌ಗೆ ನುಗ್ಗುವ ಮೊದಲೇ, ವಾಸಿತ್ ಊರಿನ ಒಬ್ಬ ಖಾಝಿಯ ಕೋರಿಕೆಗೆ ಬರೆದುಕೊಟ್ಟ ‘ಅಲ್ ಅಖೀದತುಲ್ ವಾಸಿತಿಯ್ಯಾ’ ಅದು. ಸಭೆಯಲ್ಲಿ ಅದನ್ನು ಓದಿಸಲಾಯಿತು, ಪದಪದಕ್ಕೂ ಪ್ರಶ್ನೆ ಎದ್ದಿತು.

ಅದರಲ್ಲೊಂದು ಹೋಲಿಕೆಯಿದೆ. ಚಂದ್ರ ಇರುವುದು ಆಕಾಶದಲ್ಲಿ. ಆದರೂ ದಾರಿಹೋಕನೊಂದಿಗೂ ಮನೆಯಲ್ಲಿರುವವನೊಂದಿಗೂ ಅದು ಇದ್ದೇ ಇರುತ್ತದೆ. ಸೃಷ್ಟಿಗಳಲ್ಲಿ ಚಿಕ್ಕದೊಂದರ ವಿಷಯವೇ ಹೀಗಿರುವಾಗ, ಅರ್ಶ್‌ನ ಮೇಲಿರುವ ಅಲ್ಲಾಹನು ದಾಸರೊಂದಿಗೆ ಇರುವುದಕ್ಕೆ ಅವರೊಳಗೆ ಬೆರೆಯಬೇಕೆಂದಿಲ್ಲ ಎಂಬುದು ವಾದ. ರಾತ್ರಿ ಬಸ್ಸಿನ ಕಿಟಕಿಯಿಂದ ಚಂದ್ರನನ್ನು ನೋಡಿದ ಮಗುವಿಗೂ ಇದು ತಿಳಿಯುತ್ತದೆ.

ದಮಾಸ್ಕಸ್‌ನಲ್ಲಿ ಅವರಿಗೆ ಶಿಕ್ಷೆಯಾಗಲಿಲ್ಲ. ಆದರೆ ಕೈರೋಗೆ ಕರೆ ಬಂತು. ಅಲ್ಲಿ ಮಾಲಿಕಿ ಖಾಝಿಯೇ ತೀರ್ಪುಗಾರ. ನನ್ನ ಎದುರಾಳಿಯೇ ನನ್ನ ನ್ಯಾಯಾಧೀಶನಾಗುವುದು ಹೇಗೆಂದು ಇಮಾಮರು ಕೇಳಿದರು. ಉತ್ತರವಾಗಿ ಸಿಕ್ಕಿದ್ದು ಇಬ್ಬರು ಸಹೋದರರೊಂದಿಗೆ ಕೋಟೆಯ ಸೆರೆವಾಸ, ಸುಮಾರು ಒಂದೂವರೆ ವರ್ಷ.

ನಮಗೆ ಇಲ್ಲಿ ಗಮನಾರ್ಹವೆನಿಸುವುದು ಬೇರೆಯೇ. ಅಲ್ಲಾಹನಿಗೆ ಸ್ಥಳವನ್ನೇ ಹೇಳಬಾರದೆಂದ ಅಶ್‌ಅರಿ ಉಲಮಾಗಳೂ, ಅವನು ಅರ್ಶ್‌ನ ಮೇಲಿದ್ದಾನೆಂದ ಇಬ್ನ್ ತೈಮಿಯ್ಯಾರೂ ಒಂದು ಮಾತಿನಲ್ಲಿ ಜಗಳವಾಡಲಿಲ್ಲ: ಗೋಡೆಯಲ್ಲಿ, ಮರದಲ್ಲಿ ಅವನು ತುಂಬಿಕೊಂಡಿದ್ದಾನೆ ಎಂಬರ್ಥದ ‘ಎಲ್ಲೆಡೆ’ ಇಬ್ಬರಿಗೂ ಒಪ್ಪಿಗೆಯಿರಲಿಲ್ಲ; ಅವನ ಅರಿವಿಗೆ ಯಾವ ಮೂಲೆಯೂ ಮರೆಯಲ್ಲ ಎಂಬುದರಲ್ಲಿ ಇಬ್ಬರಿಗೂ ಸಂಶಯವಿರಲಿಲ್ಲ. ಇಷ್ಟು ಒಪ್ಪಿದವರ ನಡುವೆ ಸೆರೆಮನೆಯ ಬಾಗಿಲು ಬಂದದ್ದು ದುಃಖದ ಸಂಗತಿ.

1307ರಲ್ಲಿ ಬಿಡುಗಡೆಯಾಯಿತು. ಬೇರೆ ವಿಷಯಗಳಿಗಾಗಿ ಮತ್ತೆ ಬಂಧನಗಳಾದವು. 1328ರಲ್ಲಿ ದಮಾಸ್ಕಸ್ ಕೋಟೆಯೊಳಗೇ ಅವರು ಕೊನೆಯುಸಿರೆಳೆದರು. ಆ ಪುಸ್ತಿಕೆ ಇಂದಿಗೂ ಪಾಠವಾಗುತ್ತಿದೆ.