ವಿದೇಶಿ ಉದ್ಯೋಗ ವಂಚನೆ

ವಿದೇಶಿ ಉದ್ಯೋಗ ವಂಚನೆ ಎಂದರೆ ಹೊರದೇಶದಲ್ಲಿ ಕೆಲಸ ಕೊಡಿಸುವುದಾಗಿ ನಂಬಿಸಿ ಹಣ ಪಡೆಯುವುದು ಅಥವಾ ಒಪ್ಪಿದ ಕೆಲಸದ ಬದಲು ಬೇರೊಂದು ಕೆಲಸಕ್ಕೆ ಬಲವಂತವಾಗಿ ದೂಡುವುದು. ಭಾರತದಲ್ಲಿ ಇದನ್ನು ಬಹುಕಾಲ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋಗುವ ಕಾರ್ಮಿಕರ ಸಮಸ್ಯೆಯೆಂದೇ ಪರಿಗಣಿಸಲಾಗಿತ್ತು. ಆಗ್ನೇಯ ಏಷ್ಯಾದ ಸೈಬರ್ ವಂಚನಾ ಕೇಂದ್ರಗಳಿಗೆ ವಿದ್ಯಾವಂತ ಯುವಕರನ್ನು ಸಾಗಿಸುವ ಜಾಲಗಳು ಬೆಳಕಿಗೆ ಬಂದ ನಂತರ ಈ ತಿಳಿವಳಿಕೆ ಬದಲಾಗಿದೆ.

ಸ್ವರೂಪ

ಕೊಲ್ಲಿ ರಾಷ್ಟ್ರಗಳ ವಿಷಯದಲ್ಲಿ ವಂಚನೆಯ ರೀತಿ ಹಳೆಯದು. ಪ್ರವಾಸಿ ವೀಸಾದ ಮೇಲೆ ಕಳುಹಿಸುವುದು, ಅಲ್ಲಿಗೆ ತಲುಪಿದ ಮೇಲೆ ಕಡಿಮೆ ಸಂಬಳದ ಬೇರೆ ಕರಾರಿಗೆ ಸಹಿ ಹಾಕಿಸುವುದು, ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದು ಸಾಮಾನ್ಯ. ಯಾರ ಬಳಿ ಬೇಕಾದರೂ ದುಡಿಯಬಹುದೆಂದು ಹೇಳಿ ಮಾರುವ ‘ಫ್ರೀ ವೀಸಾ’ ಎಂಬುದು ಕಾನೂನಿನಲ್ಲಿ ಇಲ್ಲವೇ ಇಲ್ಲ. ಅದನ್ನು ನಂಬಿ ಹೋದವರು ಪ್ರಾಯೋಜಕರಲ್ಲದವರ ಬಳಿ ದುಡಿದ ಅಪರಾಧಕ್ಕೆ ಗುರಿಯಾಗುತ್ತಾರೆ.

ಆಗ್ನೇಯ ಏಷ್ಯಾದ ಜಾಲದ ಕ್ರಮ ಬೇರೆ. 2022ರ ಸೆಪ್ಟೆಂಬರ್‌ನಲ್ಲಿ ಭಾರತದ ವಿದೇಶಾಂಗ ಸಚಿವಾಲಯವು, ಥಾಯ್ಲೆಂಡ್‌ನಲ್ಲಿ ‘ಡಿಜಿಟಲ್ ಸೇಲ್ಸ್ ಮತ್ತು ಮಾರ್ಕೆಟಿಂಗ್’ ಹುದ್ದೆಯ ಆಮಿಷ ತೋರಿಸಿ ಮಾಹಿತಿ ತಂತ್ರಜ್ಞಾನ ಬಲ್ಲ ಯುವಕರನ್ನು ಸೆಳೆಯಲಾಗುತ್ತಿದೆಯೆಂದು ಎಚ್ಚರಿಸಿತು. ಇಂಥ ಅಭ್ಯರ್ಥಿಯನ್ನು ಬ್ಯಾಂಕಾಕ್‌ನಿಂದ ಗಡಿಪಟ್ಟಣ ಮೇ ಸೋಟ್‌ಗೆ ಕರೆದೊಯ್ದು, ಮೋಯಿ ನದಿ ದಾಟಿಸಿ ಮ್ಯಾನ್ಮಾರ್‌ನ ಮ್ಯಾವಡಿ ಪ್ರದೇಶದ ಕಾವಲಿರುವ ಆವರಣಗಳಿಗೆ ಸೇರಿಸಲಾಗುತ್ತದೆ. ಅಲ್ಲಿ ಅವರಿಗೆ ಒಪ್ಪಿಸುವ ಕೆಲಸ, ನಕಲಿ ಖಾತೆಗಳ ಮೂಲಕ ಅಪರಿಚಿತರನ್ನು ಸ್ನೇಹದ ಮಾತಿನಲ್ಲಿ ಸಿಲುಕಿಸಿ ಕ್ರಿಪ್ಟೋ ಹೂಡಿಕೆಯ ಹೆಸರಿನಲ್ಲಿ ಹಣ ಕೀಳುವುದು. ಹೀಗೆ ವಂಚನೆಗೊಳಗಾದವನೇ ವಂಚಕನಾಗಿ ದುಡಿಯಬೇಕಾಗುತ್ತದೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯ 2023ರ ವರದಿಯ ಪ್ರಕಾರ ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000 ಹಾಗೂ ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಇಂಥ ಸ್ಥಿತಿಯಲ್ಲಿದ್ದಿರಬಹುದು. 2025ರ ಮಾರ್ಚ್‌ನಲ್ಲಿ ಭಾರತೀಯ ವಾಯುಪಡೆಯ ವಿಮಾನಗಳಲ್ಲಿ 549 ಭಾರತೀಯರನ್ನು ಮೇ ಸೋಟ್ ಮೂಲಕ ಸ್ವದೇಶಕ್ಕೆ ಕರೆತರಲಾಯಿತು.

ಕಾನೂನು

1983ರ ವಲಸೆ ಕಾಯಿದೆಯಂತೆ, ನೋಂದಣಿ ಪ್ರಮಾಣಪತ್ರವಿಲ್ಲದೆ ಯಾರೂ ವಿದೇಶಿ ಉದ್ಯೋಗಕ್ಕೆ ನೇಮಕಾತಿ ನಡೆಸುವಂತಿಲ್ಲ. ತಪ್ಪಿದರೆ ಎರಡು ವರ್ಷದವರೆಗೆ ಜೈಲು ಮತ್ತು 2,000 ರೂಪಾಯಿವರೆಗೆ ದಂಡ. ಕಾಯಿದೆ ಬಂದ ಕಾಲಕ್ಕೂ ಇದು ದೊಡ್ಡ ದಂಡವಲ್ಲ. ಮಾನವ ಕಳ್ಳಸಾಗಣೆ ಸಾಬೀತಾದರೆ ಭಾರತೀಯ ನ್ಯಾಯ ಸಂಹಿತೆಯ 143ನೆಯ ಕಲಮಿನಡಿ ಕಠಿಣ ಶಿಕ್ಷೆಯಿದೆ.

ಈ ಕಾಯಿದೆಯ ರಕ್ಷಣೆಯಲ್ಲಿ ಒಂದು ಕೊರತೆಯಿದೆ. ಹೊರಡುವ ಮುನ್ನ ಕರಾರನ್ನು ಪರಿಶೀಲಿಸುವ ವಲಸೆ ತಪಾಸಣೆ ಮುಖ್ಯವಾಗಿ ಹತ್ತನೆಯ ತರಗತಿ ಉತ್ತೀರ್ಣರಾಗದವರಿಗೆ, ಅದೂ ನಿಗದಿತ 18 ದೇಶಗಳಿಗೆ ಮಾತ್ರ ಅನ್ವಯಿಸುತ್ತದೆ. ಆ ಪಟ್ಟಿಯಲ್ಲಿ ಥಾಯ್ಲೆಂಡ್ ಇದೆ; ಮ್ಯಾನ್ಮಾರ್, ಕಾಂಬೋಡಿಯಾ ಮತ್ತು ಲಾವೋಸ್ ಇಲ್ಲ. ಪ್ರವಾಸಿಯಾಗಿ ಹೊರಡುವ ಪದವೀಧರನ ಉದ್ಯೋಗ ಕರಾರನ್ನು ಯಾವ ಅಧಿಕಾರಿಯೂ ನೋಡುವುದಿಲ್ಲ. ಪರಿಶೀಲನೆಯ ಹೊಣೆ ಸಂಪೂರ್ಣವಾಗಿ ಅವನ ಮೇಲೆಯೇ ಬೀಳುತ್ತದೆ.

ಮುನ್ನೆಚ್ಚರಿಕೆ

ಏಜೆಂಟರ ನೋಂದಣಿ ಸಂಖ್ಯೆಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಪರೀಕ್ಷಿಸಬಹುದು. ನೋಂದಾಯಿತ ಏಜೆಂಟರು ಗರಿಷ್ಠ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಯನ್ನು ಮಾತ್ರ ಸೇವಾ ಶುಲ್ಕವಾಗಿ ಪಡೆಯಬಹುದು, ರಸೀದಿ ಕೊಡಲೇಬೇಕು. ‘ಮೊದಲು ಪ್ರವಾಸಿ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿಕೊಳ್ಳಬಹುದು’ ಎಂಬ ಮಾತು, ಟೈಪಿಂಗ್ ಪರೀಕ್ಷೆಯಷ್ಟಕ್ಕೇ ಮುಗಿಯುವ ಸಂದರ್ಶನ, ಅನುಭವಕ್ಕೆ ಮೀರಿದ ಸಂಬಳ ಇವು ಅನುಮಾನಕ್ಕೆ ಕಾರಣಗಳು. ಕಂಪನಿಯ ಅಸ್ತಿತ್ವದ ಬಗ್ಗೆ ಆಯಾ ದೇಶದ ಭಾರತೀಯ ರಾಯಭಾರ ಕಚೇರಿಯಲ್ಲಿ ವಿಚಾರಿಸಬಹುದು. ಪಾಸ್‌ಪೋರ್ಟ್, ವೀಸಾ ಮತ್ತು ಕರಾರಿನ ಪ್ರತಿಗಳನ್ನು ಮನೆಯವರ ಬಳಿ ಬಿಟ್ಟುಹೋಗುವುದು ಮುಂದೆ ದೂರು ನೀಡಲು ಬಹಳ ನೆರವಾಗುತ್ತದೆ.

ದೂರು

ವಿದೇಶದಲ್ಲಿ ಸಿಲುಕಿದವರು ಸಮೀಪದ ಭಾರತೀಯ ರಾಯಭಾರ ಕಚೇರಿಯನ್ನು ಅಥವಾ 2015ರಲ್ಲಿ ಆರಂಭವಾದ ‘ಮದದ್’ ಜಾಲತಾಣವನ್ನು ಸಂಪರ್ಕಿಸಬಹುದು. ಅವರ ಪರವಾಗಿ ಊರಿನಲ್ಲಿರುವ ಬಂಧುಗಳೂ ದೂರು ಸಲ್ಲಿಸಬಹುದು. ದುಬೈ, ರಿಯಾದ್, ಜೆದ್ದಾ ಮತ್ತು ಕೌಲಾಲಂಪುರದಲ್ಲಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಗಳಿವೆ. ಏಜೆಂಟರ ವಿರುದ್ಧ ಸ್ಥಳೀಯ ಪೊಲೀಸ್ ಠಾಣೆಯಲ್ಲಿಯೂ ವಲಸೆ ಸಂರಕ್ಷಣಾಧಿಕಾರಿಯ ಕಚೇರಿಯಲ್ಲಿಯೂ ದೂರು ನೀಡಬಹುದು. ಆನ್‌ಲೈನ್ ಮೂಲಕ ಹಣ ಕಳೆದುಕೊಂಡಿದ್ದರೆ 1930 ಸಹಾಯವಾಣಿಗೆ ಕೂಡಲೇ ತಿಳಿಸಬೇಕು. ತಡವಾದಷ್ಟೂ ಹಣ ಬೇರೆ ಖಾತೆಗಳಿಗೆ ಚದುರಿಹೋಗುತ್ತದೆ. ಸಂಕಷ್ಟದಲ್ಲಿರುವವರ ತಾತ್ಕಾಲಿಕ ವಸತಿ ಮತ್ತು ಹಿಂತಿರುಗುವ ವಿಮಾನದ ಟಿಕೆಟಿಗೆ, ಅರ್ಹತೆಯನ್ನು ಪರಿಶೀಲಿಸಿ, ರಾಯಭಾರ ಕಚೇರಿಗಳು 2009ರಲ್ಲಿ ಸ್ಥಾಪನೆಯಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ನೆರವು ನೀಡುತ್ತವೆ.