ಡಯಾಲಿಸಿಸ್ ಕ್ಯಾತಿಟರ್ ನಿರ್ವಹಣೆ

ಡಯಾಲಿಸಿಸ್ ಕ್ಯಾತಿಟರ್ ಎಂದರೆ ಕುತ್ತಿಗೆಯ ಅಭಿಧಮನಿಯ ಮೂಲಕ ಹೃದಯದ ಬಲಭಾಗ ತಲುಪುವ ಮೆತ್ತನೆಯ ಜೋಡಿ ಕೊಳವೆ. ಕೆಂಪು ಕವಲು ರಕ್ತವನ್ನು ಯಂತ್ರಕ್ಕೆ ಒಯ್ಯುತ್ತದೆ, ನೀಲಿ ಕವಲು ಮರಳಿಸುತ್ತದೆ.

ಇದರ ಮೊದಲ ಶತ್ರು ಹೆಪ್ಪು. ನಿಮಿಷಕ್ಕೆ ಸುಮಾರು 300 ಮಿ.ಲೀ. ರಕ್ತ ಹರಿಯದಿದ್ದರೆ ಅಡಚಣೆಯನ್ನು ಶಂಕಿಸಬೇಕು. ಕೊಳವೆ ಮಡಚಿರಬಹುದು, ತುದಿ ಜಾರಿರಬಹುದು, ಇಲ್ಲವೇ ಫೈಬ್ರಿನ್ ಪೊರೆ ಅದನ್ನು ಕವಚದಂತೆ ಸುತ್ತಿರಬಹುದು. ಹೆಪ್ಪು ಕಟ್ಟದಿರಲೆಂದು ಪ್ರತಿ ಡಯಾಲಿಸಿಸ್ ಸರದಿಯ ಕೊನೆಗೆ ಸಲೈನ್ ಹಾಯಿಸಿ, ಹೆಪಾರಿನ್ ಅಥವಾ ಸಿಟ್ರೇಟ್ ತುಂಬಿ ಮುಚ್ಚುತ್ತಾರೆ. ಮುಂದಿನ ಸಲ ಮೊದಲು ಅದನ್ನು ಹೊರತೆಗೆಯುತ್ತಾರೆ. ಕಟ್ಟಿಕೊಂಡ ಹೆಪ್ಪನ್ನು ಆಲ್ಟಿಪ್ಲೇಸ್ ಎಂಬ ಔಷಧ ಕರಗಿಸುತ್ತದೆ.

ಸೋಂಕು ಇನ್ನೂ ಕ್ರೂರ. ಮಾಸ್ಕ್, ಕೈಗವಸು, ಮುಚ್ಚಳದ ಜಾಗವನ್ನು ಉಜ್ಜಿ ಒರೆಸುವುದು, ಒಣಗಿದ ಡ್ರೆಸಿಂಗ್: ಇವೇ ರಕ್ಷೆ. ಸೋಂಕು ತಗ್ಗಿಸಲೆಂದು ಕೊಳವೆಯಲ್ಲಿ ತುಂಬುವ ಟಾರೊಲಿಡಿನ್–ಹೆಪಾರಿನ್ ದ್ರಾವಣಕ್ಕೆ ಅಮೆರಿಕದ ಔಷಧ ನಿಯಂತ್ರಕರು 2023ರ ನವೆಂಬರಿನಲ್ಲಿ ಒಪ್ಪಿಗೆಯಿತ್ತರು.

ಕೊಳವೆ ಚೆನ್ನಾಗಿದ್ದರೂ ಸರದಿ ತಪ್ಪಿದರೆ ಪ್ರಯೋಜನವಿಲ್ಲ. ಟೆಕ್ಸಸ್‌ನ ಹ್ಯೂಸ್ಟನ್, ಡಲ್ಲಾಸ್‌ಗಳಲ್ಲಿ ದಾಖಲೆಯಿಲ್ಲದ ಅನೇಕ ವಲಸಿಗರಿಗೆ ಪ್ರಾಣಕ್ಕೆ ಬಂದಾಗಷ್ಟೇ, ತುರ್ತು ವಿಭಾಗದಲ್ಲಿ ಡಯಾಲಿಸಿಸ್ ಸಿಗುತ್ತಿತ್ತು. ಡಲ್ಲಾಸ್‌ನ 181 ರೋಗಿಗಳ ಅಧ್ಯಯನದಲ್ಲಿ, ನಿಗದಿತ ಸರದಿ ಪಡೆದವರಲ್ಲಿ ವರ್ಷದೊಳಗೆ ಶೇ 3ರಷ್ಟು ಮಂದಿ ತೀರಿಕೊಂಡರು. ತುರ್ತು ಡಯಾಲಿಸಿಸ್ ಒಂದನ್ನೇ ನೆಚ್ಚಿದವರಲ್ಲಿ ಶೇ 17ರಷ್ಟು.