ತಾತಗುಣಿಯ ರೋರಿಚ್ ಎಸ್ಟೇಟ್

ಬೆಂಗಳೂರಿನ ದಕ್ಷಿಣ ಅಂಚಿನಲ್ಲಿ, ಕನಕಪುರ ರಸ್ತೆಯ ಪಕ್ಕ, ಕೆಂಗೇರಿ ಹೋಬಳಿಯ ತಾತಗುಣಿ ಮತ್ತು ಬಿ.ಎಂ. ಕಾವಲ್ ಗ್ರಾಮಗಳಲ್ಲಿ ಹರಡಿರುವ ಸುಮಾರು 468 ಎಕರೆಯ ತೋಟ. ರಷ್ಯನ್ ಚಿತ್ರಕಾರ ಸ್ವೆತೊಸ್ಲಾವ್ ರೋರಿಚ್ (1904–1993) ಮತ್ತು ಚಿತ್ರನಟಿ ದೇವಿಕಾರಾಣಿ (1908–1994) ದಂಪತಿಯ ಆಸ್ತಿಯಾಗಿದ್ದ ಇದು ಈಗ ರಾಜ್ಯ ಸರ್ಕಾರದ್ದು. ಇಲ್ಲಿನ ಚಿತ್ರ, ಕಲಾವಸ್ತು, ಮರಗಿಡಗಳನ್ನು ಕಾಪಾಡಿ ಕಲಾ ಗ್ಯಾಲರಿ ಮತ್ತು ಮ್ಯೂಸಿಯಂ ಮಾಡಬೇಕೆಂದು ವಿಧಾನಮಂಡಲ ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು. ರಷ್ಯನ್ನರು ಈ ಮನೆತನದ ಹೆಸರನ್ನು ‘ರೇರಿಖ್’ ಎನ್ನುತ್ತಾರೆ. ಕನ್ನಡ ಪತ್ರಿಕೆಗಳಲ್ಲಿ ‘ರೋರಿಚ್’ ಎಂದೇ ನಿಂತುಹೋಗಿದೆ.

ಸ್ವೆತೊಸ್ಲಾವ್ ಅವರ ತಂದೆ ನಿಕೊಲಾಯ್ ರೋರಿಚ್ ಹಿಮಾಲಯದ ಚಿತ್ರಗಳಿಂದ ಹೆಸರಾದವರು. 1928ರಲ್ಲಿ ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿ 1947ರಲ್ಲಿ ಅಲ್ಲಿಯೇ ತೀರಿಕೊಂಡರು. ಯುದ್ಧಕಾಲದಲ್ಲೂ ಮ್ಯೂಸಿಯಂ, ಸ್ಮಾರಕಗಳಿಗೆ ಕೈ ಹಚ್ಚಬಾರದು ಎಂಬ 1935ರ ಅಂತರರಾಷ್ಟ್ರೀಯ ಒಪ್ಪಂದ ಅವರ ಹೆಸರಿನಲ್ಲೇ ಇದೆ. ಮಗನ ಮನೆಯ ಕಲಾವಸ್ತುಗಳನ್ನು ಉಳಿಸಿಕೊಳ್ಳಲು, ಯಾವ ಯುದ್ಧವೂ ಇಲ್ಲದ ಕಾಲದಲ್ಲಿ, ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು.

ದೇವಿಕಾರಾಣಿ ಹುಟ್ಟಿದ್ದು ವಾಲ್ಟೇರಿನಲ್ಲಿ. ಮೊದಲ ಪತಿ ಹಿಮಾಂಶು ರಾಯ್ ಜೊತೆ 1934ರಲ್ಲಿ ಬಾಂಬೆ ಟಾಕೀಸ್ ಚಿತ್ರಸಂಸ್ಥೆ ಕಟ್ಟಿದರು. 1940ರಲ್ಲಿ ರಾಯ್ ತೀರಿಕೊಂಡ ಮೇಲೆ ಅದರ ಹೊಣೆ ಹೊತ್ತರು. 1945ರಲ್ಲಿ ಸಿನಿಮಾ ಬಿಟ್ಟು ಸ್ವೆತೊಸ್ಲಾವ್ ಅವರನ್ನು ಮದುವೆಯಾದರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದವರಲ್ಲಿ ಇವರೇ ಮೊದಲಿಗರು. ಕೆಲಕಾಲ ಕುಲು ಕಣಿವೆಯಲ್ಲಿದ್ದು, ಆಮೇಲೆ ದಂಪತಿ ಬೆಂಗಳೂರಿಗೆ ಬಂದರು.

ತೋಟದ ಕಥೆಯೆಲ್ಲ ಲಿನಾಲೊ ಎಂಬ ಒಂದು ಮರದ ಸುತ್ತ ತಿರುಗುತ್ತದೆ. ಮೆಕ್ಸಿಕೋ ಮೂಲದ ಈ ಮರದಲ್ಲಿ ಗಂಡು, ಹೆಣ್ಣು ಬೇರೆಬೇರೆ. ಕಡ್ಡಿ ನೆಟ್ಟರೂ ಚಿಗುರುತ್ತದೆ. ಮೆಕ್ಸಿಕೋದಲ್ಲಿ ಕಟ್ಟಿಗೆಯಿಂದ ಎಣ್ಣೆ ತೆಗೆದರೆ, ಇಲ್ಲಿ ಪುಟ್ಟ ಕಾಯಿಗಳ ಸಿಪ್ಪೆಯನ್ನು ಹಬೆಯಲ್ಲಿ ಭಟ್ಟಿ ಇಳಿಸುತ್ತಾರೆ. ಮರ ಕಡಿಯದೆ ವರ್ಷವರ್ಷವೂ ಫಸಲು. ಲ್ಯಾವೆಂಡರನ್ನು ನೆನಪಿಸುವ ಈ ಎಣ್ಣೆ ಸಾಬೂನಿಗೂ ಅತ್ತರಿಗೂ ಹೋಗುತ್ತದೆ. ಚಿತ್ರಕಾರನ ತೋಟವೆಂದರೆ ಹೂವಿನ ಪಾತಿಗಳನ್ನು ಕಲ್ಪಿಸಿಕೊಳ್ಳುವವರು ಗಮನಿಸಬೇಕು: ಇದು ದುಡಿಮೆಯ ತೋಟವಾಗಿತ್ತು.

ಅಷ್ಟು ಜಮೀನು ಒಟ್ಟಾಗಿ ಉಳಿದದ್ದಕ್ಕೂ ಆ ಮರವೇ ಕಾರಣ. ಭೂ ಸುಧಾರಣೆಯ ನಂತರ ಕರ್ನಾಟಕದಲ್ಲಿ ಒಂದು ಕುಟುಂಬ ಇಷ್ಟು ದೊಡ್ಡ ಹಿಡುವಳಿ ಇಟ್ಟುಕೊಳ್ಳುವಂತಿರಲಿಲ್ಲ. ಲಿನಾಲೊ ಬೆಳೆಯ ಜಮೀನಿಗೆ ವಿನಾಯಿತಿ ಸಿಕ್ಕಿದ್ದರಿಂದ ಎಸ್ಟೇಟು ಹರಿದು ಹಂಚಿಹೋಗಲಿಲ್ಲ.

ಚಿತ್ರಗಳ ವಿಚಾರಕ್ಕೆ ಬಂದರೆ, ಸ್ವೆತೊಸ್ಲಾವ್ ತಂದೆಯ ಹಿಮಾಲಯವನ್ನು ಬಿಡದಿದ್ದರೂ ದಕ್ಷಿಣದ ಕೆಮ್ಮಣ್ಣು, ಹೊಲದಲ್ಲಿ ದುಡಿಯುವ ಹೆಂಗಸರು, ಸಂಜೆಯ ದಟ್ಟ ಬಣ್ಣಗಳತ್ತ ಹೊರಳಿದರು. ಭಾವಚಿತ್ರದಲ್ಲಂತೂ ಅವರದು ಪಳಗಿದ ಕೈ. ಹಳೆಯ ಸಂಸತ್ ಭವನದ ಸೆಂಟ್ರಲ್ ಹಾಲಿನಲ್ಲಿರುವ ನೆಹರೂ ಚಿತ್ರ ಅವರದೇ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಬೆಳವಣಿಗೆಗೆ ಅದರ ಸ್ಥಾಪಕ ಎಂ.ಎಸ್. ನಂಜುಂಡರಾವ್ ಅವರ ಬೆನ್ನಿಗೆ ನಿಂತರು. ಕುಮಾರಕೃಪಾ ರಸ್ತೆಯ ಆ ಕಟ್ಟಡದಲ್ಲಿ ತಂದೆ-ಮಗ ಇಬ್ಬರ ಚಿತ್ರಗಳಿಗೂ ಗ್ಯಾಲರಿಗಳಿವೆ. ರೋರಿಚ್ ಚಿತ್ರಗಳನ್ನು ಬಿಡುವಾಗಿ ನೋಡಬೇಕೆಂದವರು ಅಲ್ಲಿಗೆ ಹೋಗಬೇಕು.

ಮಕ್ಕಳಿಲ್ಲದ ದಂಪತಿ ಕೊನೆಯ ವರ್ಷಗಳನ್ನು ತೋಟದಲ್ಲಿ ಕಳೆಯಲಿಲ್ಲ. ನಗರದ ಅಶೋಕ ಹೋಟೆಲಿನಲ್ಲಿದ್ದರು. ಆ ಹೊತ್ತಿಗೆ ಆಸ್ತಿಯ ಸುತ್ತ ತಕರಾರುಗಳು ಎದ್ದಿದ್ದವು. ಎಸ್ಟೇಟಿನ ಒಂದು ಭಾಗವನ್ನು ಕ್ರಯಕ್ಕೆ ಪಡೆದಿದ್ದೇವೆ ಎಂದು ಒಂದು ಕಂಪನಿ ಹಕ್ಕು ಮಂಡಿಸಿತ್ತು. 1993ರ ಜನವರಿ 30ರಂದು ಸ್ವೆತೊಸ್ಲಾವ್ ತೀರಿಕೊಂಡರು. 1994ರ ಮಾರ್ಚ್ 8ರಂದು ಸರ್ಕಾರ ಲಿನಾಲೊ ಜಮೀನಿನ ವಿನಾಯಿತಿಯನ್ನು ಹಿಂತೆಗೆದುಕೊಂಡಿತು. ಮರುದಿನ, ಮಾರ್ಚ್ 9ರಂದು, ದೇವಿಕಾರಾಣಿ ಕಣ್ಣುಮುಚ್ಚಿದರು.

ಮುಂದಿನದು ಕಾನೂನಿನ ಇತಿಹಾಸ. ಎಸ್ಟೇಟನ್ನು ಸರ್ಕಾರದ ವಶಕ್ಕೆ ತೆಗೆದುಕೊಳ್ಳಲು ‘ರೋರಿಚ್ ಮತ್ತು ದೇವಿಕಾರಾಣಿ ರೋರಿಚ್ ಎಸ್ಟೇಟ್ (ಸ್ವಾಧೀನ ಮತ್ತು ವರ್ಗಾವಣೆ) ಕಾಯ್ದೆ, 1996’ ಬಂತು. ಪರಿಹಾರವಾಗಿ 5 ಕೋಟಿ ರೂಪಾಯಿ ಗೊತ್ತುಮಾಡಿತು. ಕಂಪನಿ ಇದನ್ನು ಪ್ರಶ್ನಿಸಿತು. ಹೈಕೋರ್ಟಿನಲ್ಲಿ ಸೋತು ಸುಪ್ರೀಂ ಕೋರ್ಟಿಗೆ ಹೋಯಿತು. ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2011ರ ಆಗಸ್ಟ್ 9ರಂದು ಕಾಯ್ದೆಯನ್ನು ಎತ್ತಿಹಿಡಿಯಿತು. ಆಸ್ತಿಯ ಹಕ್ಕು 1978ರ ತಿದ್ದುಪಡಿಯಲ್ಲಿ ಮೂಲಭೂತ ಹಕ್ಕಿನ ಸ್ಥಾನ ಕಳೆದುಕೊಂಡು 300-ಎ ವಿಧಿಗೆ ಬಂದು ಕೂತಿತ್ತಷ್ಟೆ. ಆ ವಿಧಿಯ ಅರ್ಥವೇನು, ಸಾರ್ವಜನಿಕ ಉದ್ದೇಶವಿಲ್ಲದೆ ಆಸ್ತಿ ಕಿತ್ತುಕೊಳ್ಳಬಹುದೇ ಎಂಬ ಚರ್ಚೆಗೆ ಈ ತೀರ್ಪು ಇಂದಿಗೂ ಆಧಾರ. ಹೀಗಾಗಿ ತಾತಗುಣಿಯ ಹೆಸರು ಕಲಾ ವಿದ್ಯಾರ್ಥಿಗಳಿಗಿಂತ ಕಾನೂನು ವಿದ್ಯಾರ್ಥಿಗಳಿಗೇ ಹೆಚ್ಚು ಪರಿಚಿತ.

ನಗ್ಗರ್‌ನ ರೋರಿಚ್ ಮನೆ ಪ್ರವಾಸಿಗರು ಸಾಲುಗಟ್ಟುವ ಮ್ಯೂಸಿಯಂ ಆಗಿದೆ. ತಾತಗುಣಿಗೆ ಆ ಭಾಗ್ಯ ಅಷ್ಟು ಬೇಗ ಬರಲಿಲ್ಲ. ಕನಕಪುರ ರಸ್ತೆಯ ಮೆಟ್ರೋ ರೇಷ್ಮೆ ಸಂಸ್ಥೆಯವರೆಗೆ ಬಂದು ನಿಂತಿದೆ. ಅದರಾಚೆ ಲೇಔಟುಗಳ ನಡುವೆ ಇಷ್ಟು ದೊಡ್ಡ ಹಸಿರು ಉಳಿದಿರುವುದು ಅಪರೂಪ. ದಂಪತಿಯ ಸಮಾಧಿಗಳು ತೋಟದೊಳಗೇ ಇವೆ. ಬನ್ನೇರುಘಟ್ಟದ ಕಡೆಯಿಂದ ಬರುವ ಕಾಡಾನೆಗಳು ಈಗಲೂ ಈ ತೋಟಕ್ಕೆ ನುಗ್ಗುತ್ತವೆ, ಕೆರೆಯಲ್ಲಿ ನೀರು ಕುಡಿದು ಹೋಗುತ್ತವೆ.